ದೋಣಿಯ ಮೂತಿಗೆ ಕೂತವಳು

ಕಣಗಲ ಕೆರೆಯಲ್ಲಿ ಹಲಗೆ ದೋಣಿ ಅಂತ ಇದ್ದದ್ದು ಒಂದೇ. ಉಳಿದವರೆಲ್ಲ ಬಾಳೆದಿಂಡಿನ ತೆಪ್ಪದ ಮೇಲೋ, ಚರ್ಮ ಹೊದಿಸಿದ ಹರಿಗೋಲಿನಲ್ಲೋ ಕೂತು ಬಲೆ ಬಿಡುತ್ತಿದ್ದರು. ಈ ದೋಣಿಯನ್ನು ಮರಿಯಪ್ಪ ನಂಜನಗೂಡಿನಿಂದ ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದ. ಅಲ್ಲಿ ಯಾವುದೋ ಸೇತುವೆ ಕೆಲಸಕ್ಕೆಂದು ಮಾಡಿಸಿದ್ದು, ಕೆಲಸ ಮುಗಿದ ಮೇಲೆ ಹೊಳೆಯ ದಂಡೆಯಲ್ಲಿ ಬೋರಲಾಗಿ ಬಿದ್ದಿತ್ತಂತೆ. ಒಂಬತ್ತು ಮೊಳ ಉದ್ದ, ನಡುವೆ ಮೂರು ಮೊಳ ಅಗಲ, ಚಪ್ಪಟೆ ತಳ. ಹಂಗಳದಿಂದ ಎರಡು ಮೈಲಿ ಒಳಗಿದ್ದ ಆ ಊರಿನ ಜನ ಅದನ್ನು ನೋಡಲು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಮರಿಯಪ್ಪನಿಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ರಾಚಮ್ಮನನ್ನೇ ಮೊದಲು ಕೂರಿಸಿ ಕೆರೆ ಒಂದು ಸುತ್ತು ಹಾಕಿಸಿದ.

ಅದಾಗಿ ಎರಡು ವರ್ಷಕ್ಕೆ ಅವನು ಚಳಿಜ್ವರದಲ್ಲಿ ಹೋದ. ದೋಣಿ ಅಣ್ಣ ನಂಜಯ್ಯನ ಕೈಗೆ ಬಂತು. ದೋಣಿಯ ಜೊತೆಗೆ ರಾಚಮ್ಮನೂ.

ಆ ದೋಣಿಗೆ ಒಂದು ಐಬಿತ್ತು. ಒಬ್ಬನೇ ಹಿಂದೆ ಕೂತು ಹುಟ್ಟು ಹಾಕಿದರೆ ಮೂತಿ ಮೇಲೆದ್ದುಬಿಡುತ್ತಿತ್ತು. ಎದ್ದ ಮೂತಿಯನ್ನು ಗಾಳಿ ಹಿಡಿದು ಮನಸ್ಸು ಬಂದ ಕಡೆ ತಿರುಗಿಸುತ್ತಿತ್ತು. ಮುಂದೆ ಇನ್ನೊಬ್ಬರು ತೂಕಕ್ಕೆ ಕೂರಲೇಬೇಕು. ನಂಜಯ್ಯನ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಹೆಂಡತಿ ದೊಡ್ಡಮಾದಮ್ಮ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯುವವಳಲ್ಲ. ಅವಳ ತಂಗಿ ಇದೇ ಕೆರೆಯಲ್ಲಿ ಕೊಡ ತುಂಬುವಾಗ ಜಾರಿ ಮುಳುಗಿ ಹೋಗಿದ್ದಳು. ಹಾಗಾಗಿ ಗಂಡ ಸತ್ತ ಮೂರನೇ ತಿಂಗಳಿನಿಂದ ರಾಚಮ್ಮ ದೋಣಿಯ ಮೂತಿಗೆ ಕೂತಳು. ಮೊದಮೊದಲು ತೂಕಕ್ಕೆ ಕೂತವಳು, ಬರಬರುತ್ತಾ ಬಲೆ ಬಿಡುವುದು, ಎಳೆಯುವುದು, ಬಲೆಗೆ ಕಟ್ಟಿದ ಸೋರೆಬುರುಡೆ ಎಲ್ಲಿ ತೇಲುತ್ತಿದೆ ಎಂದು ನೋಡಿ ಹೇಳುವುದು, ಎಲ್ಲ ಅವಳದೇ ಆಯಿತು. ನಂಜಯ್ಯ ಹಿಂದೆ ಕೂತು ಹುಟ್ಟು ಹಾಕುತ್ತಾ ಕೇಳುತ್ತಿದ್ದ: "ಬುರುಡ ಎಲ್ಲದ ಅಮ್ಮಿ?" ಅವಳು ಕೈ ತೋರಿಸಿ "ಬಲಕ್ಕ" ಅನ್ನುತ್ತಿದ್ದಳು. ಕೈ ತೋರಿಸಿದರೆ ಸಾಲದು, ಬಾಯಲ್ಲೇ ಹೇಳಬೇಕು, ಇಲ್ಲದಿದ್ದರೆ ಗದರುತ್ತಿದ್ದ.

ಅವರ ಕುಲದಲ್ಲಿ ಗಂಡ ಸತ್ತ ಹೆಣ್ಣಿಗೆ ಉಡಿಕೆ ಮಾಡಿ ಇನ್ನೊಂದು ಮನೆಗೆ ಕಳಿಸುವುದು ಉಂಟು. ರಾಚಮ್ಮನ ತಾಯಿ ಚಿಕ್ಕಮಾದಮ್ಮ ಪುಣಜನೂರಿನವಳು. ಅಲ್ಲಿನ ಬಿದಿರು ಡಿಪೋದ ಕಾವಲಿನವನೊಬ್ಬ, ಹೆಂಡತಿ ಇಲ್ಲದವನು, ರಾಚಮ್ಮನನ್ನು ಕೇಳಿದ್ದ. ಚಿಕ್ಕಮಾದಮ್ಮ ಅದಕ್ಕಾಗಿ ಎರಡು ಸಲ ಬಸ್ಸು ಬದಲಿಸಿ ಬಂದು ಹೋದಳು. ಕುಲದ ಯಜಮಾನ ಪುಟ್ಟಮಾದಯ್ಯ ಹೇಳಿದ್ದು ಒಂದೇ ಮಾತು: "ಗಂಡನ್ ಮನೆ ಹಿರೀಕ ಹೂಂ ಅನ್ಲಿ ಕಣವ್ವ. ಆಮ್ಯಾಕ ನಮ್ದೇನೂ ಅಡ್ಡಿ ಇಲ್ಲ."

ಹಿರೀಕ ಅಂದರೆ ನಂಜಯ್ಯ. ಅವನು ಇಲ್ಲ ಅನ್ನಲಿಲ್ಲ. "ಈ ಸಲ ಕೆರೆ ನೀರು ಇಳೀಲಿ, ನೋಡನ" ಅಂದ. ನೀರು ಇಳಿಯಿತು. "ಮುಂಗಾರು ಕಳೀಲಿ" ಅಂದ. ಅದೂ ಕಳೆಯಿತು. ಹೀಗೆ ಮೂರು ವರ್ಷ.

ಅವನು ಕೆಟ್ಟವನಾಗಿದ್ದರೆ ರಾಚಮ್ಮನಿಗೆ ಸುಲಭವಾಗುತ್ತಿತ್ತು. ಒಂದು ದಿನ ಕೈ ಎತ್ತಿದವನಲ್ಲ, ಅನ್ನ ಎಣಿಸಿದವನಲ್ಲ. ಗೌರಿ ಹಬ್ಬಕ್ಕೆ ಹೆಂಡತಿಗೆ ತಂದಂಥದೇ ಸೀರೆ ಅವಳಿಗೂ ತರುತ್ತಿದ್ದ. ಜಗಳ ತೆಗೆಯೋಣವೆಂದರೆ ತೆಗೆಯುವುದಕ್ಕೆ ಒಂದು ಎಳೆ ಸಿಗುತ್ತಿರಲಿಲ್ಲ. ಬೆಳಗಾದರೆ ಮೂತಿಗೆ ಕೂರುವುದು, ಬಿಸಿಲೇರಿದರೆ ಇಳಿಯುವುದು. ಒಂದೊಂದು ಬೆಳಿಗ್ಗೆ ಬಲೆಯ ಕಣ್ಣಿಗೆ ಕಿವಿರು ಸಿಕ್ಕಿಸಿಕೊಂಡ ಗೆಂಡೆ ಮೀನನ್ನು ಬಿಡಿಸಲು ಹೊರಟು ಅವಳು ಅಲ್ಲೇ ತಡೆಯುತ್ತಿದ್ದಳು. ಹಿಂದಕ್ಕೆ ಎಳೆದರೂ ನೋವು, ಮುಂದಕ್ಕೆ ನೂಕಿದರೂ ನೋವು.

ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಮೂರು ತಿಂಗಳಾಗಿತ್ತು. ಮಾಗಿ ಚಳಿ ಇಳಿಯುತ್ತಿದ್ದ ಹೊತ್ತಿಗೆ ಮೀನಿನ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಸೈಕಲ್ಲಿನ ಮೇಲೆ ಕೆರೆಗೆ ಬಂದರು. ಚಾಮರಾಜನಗರದಲ್ಲಿ ಮರಿ ಮಾಡಿಸುವ ಕೊಳಗಳನ್ನು ತೋಡಿಸಿದ್ದರಂತೆ. ಅದಕ್ಕೆ ಮೊಟ್ಟೆ ಕಟ್ಟಿದ ಗೆಂಡೆ ಮೀನು ಬೇಕು.

"ಜೀವಂತ ಬೇಕು ನಂಜಯ್ಯ. ಅರೆಜೀವ ಆದರೂ ಬೇಡ. ಲಾರಿ ಇಲ್ಲಿ ಏರಿಗೇ ಬರುತ್ತೆ, ಡ್ರಮ್ಮು ನಾವು ತರ್ತೀವಿ. ನೀನು ಹಿಡಿದಲ್ಲಿಂದ ದಡಕ್ಕೆ ಬರೋವರೆಗೆ ಅವು ಸಾಯಬಾರದು. ದೋಣಿಯಲ್ಲೇ ಒಂದು ನೀರಿನ ಪೆಟ್ಟಿಗೆ ಕಟ್ಟಿಸು." ಹೀಗೆ ಮೀನು ಕೊಟ್ಟವರಿಗೆ ಬರುವ ವರ್ಷವೂ ಕೆರೆಯ ಲೈಸೆನ್ಸು ಎಂದೂ ಹೇಳಿದರು. ಪೆಟ್ಟಿಗೆಯನ್ನು ಹೇಗೆ ಕಟ್ಟಿಸಬೇಕೆಂದು ಅವರು ವಿವರಿಸುತ್ತಿದ್ದಾಗ ನಂಜಯ್ಯನ ಮನಸ್ಸು ಲೈಸೆನ್ಸಿನ ಮೇಲಿತ್ತು. ಅರ್ಧ ಕೇಳಿದ, ಅರ್ಧ ಬಿಟ್ಟ.

ಊರಿನ ಬಡಗಿ ಕೆಂಪಾಚಾರಿ ವಯಸ್ಸಾದವನು. ನೇಗಿಲು, ಗಾಡಿ, ತೊಟ್ಟಿಲು ಮಾಡಿ ಗೊತ್ತೇ ಹೊರತು ದೋಣಿಗೆ ಕೈ ಹಾಕಿದವನಲ್ಲ. ಹಲಸಿನ ಹಲಗೆಯಲ್ಲಿ ಕೊಪ್ಪರಿಗೆಯಂಥ ಪೆಟ್ಟಿಗೆ ಮಾಡಿದ. ಎಲ್ಲಿ ಕೂರಿಸಲಿ ಎಂದು ಕೇಳಿದಾಗ ನಂಜಯ್ಯ ತಾನು ಕೂರುವ ಹಿಂಬದಿಯ ಹಲಗೆಯ ಪಕ್ಕ ತೋರಿಸಿದ.

"ನನ್ ಕಾಲ್ ಬುಡದಲ್ಲೇ ಮಡಗು. ಮೀನು ನನ್ ಕೈಗ ಸಿಕ್ಕಂಗ ಇರ್ಬೇಕು."

ರಾಚಮ್ಮನಿಗೆ ಅದು ಸರಿಯಿಲ್ಲ ಅಂತ ಅಲ್ಲೇ ಗೊತ್ತಾಯಿತು. ಮೂರು ವರ್ಷ ಆ ದೋಣಿಯ ಒಂದೊಂದು ಓಲಾಟ ಅವಳ ಸೊಂಟಕ್ಕೆ ತಿಳಿದಿತ್ತು. "ಭಾವ, ಹಿಂದಕ್ಕ ಆಗ್ಲೇ ನಿಮ್ ತೂಕ ಅದ" ಅಂದಳು.

"ಮುಂದ ನೀನಿದ್ದೀಯಲ್ಲ" ಅಂದ ಅವನು.

ಲಾರಿ ಬರುವ ಮಂಗಳವಾರ ಬೆಳಿಗ್ಗೆ ಪೆಟ್ಟಿಗೆಗೆ ಹನ್ನೆರಡು ಕೊಡ ನೀರು ಸುರಿದು ಹೊರಟರು. ಹಿಂಬದಿ ಕುಸಿದು ಕೂತಿತು. ರಾಚಮ್ಮನ ಕಾಲಡಿಯ ಮೂತಿ ಹೇರಿದ ಗಾಡಿಯ ನೊಗದ ಹಾಗೆ ಮೇಲಕ್ಕೆದ್ದಿತು. ನಂಜಯ್ಯ ಹಿಂದಿನಿಂದ ಕೂಗಿದ: "ಅಮ್ಮಿ, ಇನ್ನೂ ಒಸಿ ಮುಂದಕ್ಕ ಓಗು."

"ಇನ್ನು ಮುಂದ ನೀರೇ ಭಾವ."

ತುದಿಯ ಮೇಲೆ ಎಮ್ಮೆ ಹತ್ತಿದಂತೆ ಎರಡು ಕಡೆಗೂ ಕಾಲು ಇಳಿಬಿಟ್ಟು ಕೂತಳು. ಬಲೆ ಎಳೆದರು. ಹದಿನಾಲ್ಕು ಗೆಂಡೆ, ಹೊಟ್ಟೆ ಉಬ್ಬಿದವು, ಒಳ್ಳೆಯ ಬೇಟೆ. ಒಂದೊಂದಾಗಿ ಪೆಟ್ಟಿಗೆಗೆ ಬಿಟ್ಟರು. ಹುಟ್ಟು ಹಾಕಿದಂತೆಲ್ಲ ಪೆಟ್ಟಿಗೆಯ ನೀರು ಅತ್ತ ಇತ್ತ ಬಡಿದು ದೋಣಿಯನ್ನೇ ಜಗ್ಗತೊಡಗಿತು. ಗಾಳಿ ಎದ್ದಾಗ ಒಂದು ಅಲೆ ಹಿಂಬದಿಯ ಅಂಚು ದಾಟಿ ಒಳಗೆ ಬಂತು. ದಡ ಮುಟ್ಟುವ ಹೊತ್ತಿಗೆ ನೀರು ಮೊಗೆದೂ ಮೊಗೆದೂ ರಾಚಮ್ಮನ ತೋಳು ಸೋತಿದ್ದವು. ಪೆಟ್ಟಿಗೆಯ ಮೀನೆಲ್ಲ ಬಾಯಿ ತೆರೆದು ಮೇಲಕ್ಕೆ ಬಂದಿದ್ದವು; ಹನ್ನೊಂದು ಆಗಲೇ ಹೊಟ್ಟೆ ಮೇಲಾಗಿ ಸತ್ತಿದ್ದವು.

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಬಯ್ಯಲಿಲ್ಲ. "ನಾನು ಹೇಳಿದ್ದು ಇದಲ್ಲ ನಂಜಯ್ಯ. ಇದು ನಿಂತ ನೀರು, ಇದರಲ್ಲಿ ಅವಕ್ಕೆ ಉಸಿರಿಲ್ಲ. ದೋಣಿ ತಳಕ್ಕೇ ತೂತು ಕೊರೀಬೇಕು. ಕೆರೆ ನೀರೇ ಪೆಟ್ಟಿಗೆ ಒಳಕ್ಕೆ ಬಂದು ಹೋಗ್ತಾ ಇರಬೇಕು. ಎರಡು ಕಡೆ ಅಡ್ಡಗೋಡೆ ಭದ್ರವಾಗಿರಬೇಕು. ನಡುಮಧ್ಯ ಇಟ್ಟರೆ ಒಳ್ಳೇದು." ಎರಡು ವಾರ ಬಿಟ್ಟು ಬರುತ್ತೇನೆ, ಆಗಲೂ ಆಗದಿದ್ದರೆ ಬೇರೆ ಕೆರೆ ನೋಡಿಕೊಳ್ಳುತ್ತೇನೆ ಎಂದು ಹೋದರು.

ಏರಿಯ ಮೇಲಿದ್ದವರು ನಕ್ಕರು. ದೋಣಿಗೆ ತೂತು ಕೊರೆಯಿರಿ ಅನ್ನುವ ಸರ್ಕಾರವನ್ನು ಅವರು ಕಂಡಿರಲಿಲ್ಲ. ನಂಜಯ್ಯನೂ ಎರಡು ದಿನ ಆಗದೆಂದು ತಲೆ ಆಡಿಸಿದ. ಕೊನೆಗೆ ಅವನ ಬಾಯಿ ಮುಚ್ಚಿಸಿದ್ದು ಕೆಂಪಾಚಾರಿ. ತಳದಲ್ಲಿ ತೂತಿದ್ದ ಒಂದು ಹಳೇ ಮಡಕೆಯನ್ನು ದನದ ಕಲಗಚ್ಚಿನ ತೊಟ್ಟಿಯಲ್ಲಿ ಒತ್ತಿ ಹಿಡಿದು ತೋರಿಸಿದ. ಹೊರಗೆ ನೀರು ಎಷ್ಟು ಮಟ್ಟಕ್ಕಿದೆಯೋ ಒಳಗೂ ಅಷ್ಟೇ ಏರಿ ನಿಂತಿತು. "ನೋಡ್ಲಾ, ಒಂದು ಬೆಳ್ಳು ಜಾಸ್ತಿ ಬತ್ತದ? ಗೋಡ ಅದ್ಕಿಂತ ಒಂದು ಗೇಣು ಎತ್ತರ ಇದ್ರಾಯ್ತು. ಸಂದಿಗ ಹತ್ತಿ ತುರುಕಿ ರಾಳ ಬಳೀತೀನಿ. ದೋಣಿ ಒಳಕ್ಕ ಒಂದ್ ಹನಿ ಬರಕಿಲ್ಲ."

ರಾಳ, ಹರಳೆಣ್ಣೆ, ಮೊಳೆ ತರಲು ನಂಜಯ್ಯ ಬೆಳಿಗ್ಗೆ ಬಸ್ಸಿಗೆ ಗುಂಡ್ಲುಪೇಟೆಗೆ ಹೋದ. ಆ ಒಂದು ದಿನ ದೋಣಿ ರಾಚಮ್ಮನ ಕೈಯಲ್ಲಿತ್ತು.

ಅವಳು ಹಿಂಬದಿಯ ಪೆಟ್ಟಿಗೆ ತೆಗೆಸಿ, ಅದರ ತೂಕಕ್ಕೆ ಬದಲಾಗಿ ಮನೆಯ, ನೆರೆಮನೆಯ ಕೊಡಗಳನ್ನೆಲ್ಲ ದಡಕ್ಕೆ ತಂದು ನೀರು ತುಂಬಿದಳು. "ಆಚಾರ್ರೆ, ನೀವು ಒಸಿ ಹಿಂದ ಕೂತ್ಕಳಿ, ಭಾವನ ಜಾಗದಲ್ಲಿ" ಅಂದಳು. ಕೆಂಪಾಚಾರಿ ನೀರಿಗೆ ಹೆದರುತ್ತಲೇ ಕೂತ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅವಳು ಕೊಡಗಳನ್ನು ಮೊದಲು ನಡುಮಧ್ಯಕ್ಕೆ ಇಟ್ಟಳು. ದೋಣಿಯ ಹೊರಮೈಗೆ ನೀರು ಎಲ್ಲಿಗೆ ಮುಟ್ಟಿತೆಂದು ಸುಣ್ಣದಲ್ಲಿ ಗೀಟು ಹಾಕಿದಳು. ಮೂತಿ ಇನ್ನೂ ನಾಲ್ಕು ಬೆರಳು ಮೇಲೆ. ಇನ್ನೊಬ್ಬರು ಕೂತರೇ ಅದು ಇಳಿಯುವುದು. ಕೊಡಗಳನ್ನು ಪೂರಾ ಮುಂದಕ್ಕೆ ಒತ್ತಿದಳು. ಈಗ ಮೂತಿ ಮುಗ್ಗರಿಸಿತು, ಅಲುಗಾಡಿಸಿದರೆ ಕೊಡದ ನೀರೆಲ್ಲ ಕುಣಿಯುತ್ತಿತ್ತು. ಅಲ್ಲಿ ಮೀನಿಟ್ಟರೆ ಗೋಡೆಗೆ ಬಡಿದೇ ಸಾಯುತ್ತವೆ. ಮತ್ತೆ ಹಿಂದಕ್ಕೆ ಒಂದೊಂದೇ ಗೇಣು ಸರಿಸುತ್ತಾ ಬಂದಳು. ನಡುವಿನಿಂದ ಒಂದೂವರೆ ಗೇಣು ಮುಂದಕ್ಕೆ ಬಂದಾಗ ದೋಣಿ ತಟ್ಟೆಯಲ್ಲಿಟ್ಟ ಹಾಗೆ ನಿಂತಿತು. ಹಿಂದೆ, ಮುಂದೆ, ಎರಡೂ ಕಡೆಯ ಗೀಟು ಒಂದೇ ಮಟ್ಟ. ತಳ್ಳಿದಳು. ಓಲಾಡದೆ, ತಿರುಗದೆ, ನೇರ ಹೋಯಿತು. ಹಿಂದೆ ಒಬ್ಬನೇ ಮುದುಕ ಕೂತಿದ್ದ. ಮೂತಿಯಲ್ಲಿ ಯಾರೂ ಇರಲಿಲ್ಲ.

ರಾಚಮ್ಮ ನೀರಿನಲ್ಲಿ ಹಾಗೇ ನಿಂತುಬಿಟ್ಟಳು. ಮೂತಿಗೆ ತೂಕ ಬೇಕು ಅನ್ನುವುದೊಂದೇ ತಾನೆ ಮೂರು ವರ್ಷ ಕಟ್ಟಿಹಾಕಿದ್ದು. ಪೆಟ್ಟಿಗೆ ಆ ತೂಕ ಹೊತ್ತುಕೊಂಡರೆ ಭಾವನಿಗೆ ಇನ್ನು ಏನು ನೆಪ?

ಕೆಂಪಾಚಾರಿ ಇಳಿದು ಬಂದು ಸುಣ್ಣದ ಗುರುತು ನೋಡಿದ, ಅವಳ ಮುಖ ನೋಡಿದ. "ಇಲ್ಲಿ ಕಟ್ಟಿದ್ರ ನಿನ್ ತೂಕದ ಬದ್ಲು ಇದೇ ಬತ್ತದಲ್ಲವ್ವ."

"ಬರ್ಲಿ ಆಚಾರ್ರೆ."

ಸಂಜೆ ನಂಜಯ್ಯ ಬಂದು, ಇನ್ಸ್‌ಪೆಕ್ಟರು ನಡುಮಧ್ಯ ಅಂದಿದ್ದರಲ್ಲ ಎಂದು ತಗಾದೆ ತೆಗೆದಾಗ ಕೆಂಪಾಚಾರಿಯೇ ಹೇಳಿದ: "ನಡುಮದ್ಯ ಹಲಗ ಜೋಡಣೆ ಅದ ಕಣ್ಲಾ. ಅಲ್ಲಿ ಬೈರಿಗ ಆಡ್ಸಿದ್ರ ತಳವೇ ಸೀಳ್ಕತದ. ಒಸಿ ಮುಂದಕ್ಕ ಹಾಕ್ತೀನಿ." ನಂಜಯ್ಯ ಹಲಗೆಯ ಮೇಲೆ ಬೆರಳಾಡಿಸಿ ಜೋಡಣೆ ಹುಡುಕಿದ, ಸಿಕ್ಕಿತು, ಸುಮ್ಮನಾದ.

ಎರಡು ಅಡ್ಡಗೋಡೆ ಎದ್ದವು. ಹತ್ತಿ ತುರುಕಿ, ರಾಳ ಕಾಯಿಸಿ ಬಳಿದದ್ದು ಒಣಗಿತು. ತೂತು ಕೊರೆಯುವುದೊಂದು ಬಾಕಿ. ಆ ಬೆಳಿಗ್ಗೆ ಪುಣಜನೂರಿನ ಮರಿತಾಯಮ್ಮ ತಲೆಯ ಮೇಲೆ ಬಿದಿರು ಮೊರಗಳ ಹೊರೆ ಹೊತ್ತು ಊರಿಗೆ ಬಂದಳು. ರಾಚಮ್ಮನನ್ನು ಹುಡುಕಿಕೊಂಡು ಕೆರೆಯ ದಡಕ್ಕೇ ಬಂದು, ಹೊರೆ ಇಳಿಸಿ ಕೂತು, ತಾಯಿ ಕಳಿಸಿದ ಮಾತು ಹೇಳಿದಳು. ಡಿಪೋದ ಕಾವಲಿನವನು ಸಂಕ್ರಾಂತಿ ಕಳೆದ ಮೇಲೆ ತಾಳವಾಡಿ ಕಡೆಯ ಹೆಣ್ಣನ್ನು ತಂದುಕೊಂಡಿದ್ದಾನೆ. "ಮೂರು ವರ್ಸ ಕಾದ ಕಣಮ್ಮಿ. ಅವ್ನ್ದೂ ತಪ್ಪಲ್ಲ. ನಿಮ್ಮವ್ವ ಅತ್ಕಂಡು ಅತ್ಕಂಡು ಸಾಕಾಗವ್ಳ."

ರಾಚಮ್ಮ ಅವನನ್ನು ನೋಡಿದ್ದು ಒಂದೇ ಸಲ. ಮುಖ ಸರಿಯಾಗಿ ನೆನಪಿಗೂ ಬರಲಿಲ್ಲ. ಆದರೂ, ಬಾಗಿಲು ತೆರೆಯಲು ಇಷ್ಟು ದಿನ ಹೆಣಗಿದವಳಿಗೆ ಬಾಗಿಲಾಚೆಯ ದಾರಿಯೂ ಮುಚ್ಚಿತು ಅಂದರೆ ಹೇಗೆ? ಮರಿತಾಯಮ್ಮ ಹೊರೆ ಎತ್ತಿಸಿಕೊಂಡು ಹೋದ ಮೇಲೂ ಅವಳು ದೋಣಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೇ ಇದ್ದಳು.

ಕೆಂಪಾಚಾರಿ ಬೈರಿಗೆ ಹಿಡಿದು ಕಾಯುತ್ತಿದ್ದ. ಎಲ್ಲ ಅವನ ಕಿವಿಗೂ ಬಿದ್ದಿತ್ತು. "ಕೊರೀಲವ್ವ, ಬ್ಯಾಡ್ವ? ತೂತು ಬೀಳೋಗಂಟ ಗೋಡ ಕಿತ್ತು ಎಲ್ಲಿಗ ಬೇಕಾದ್ರೂ ಹಾಕ್ಬೋದು. ಬಿದ್ಮೇಲ ಆಗಕಿಲ್ಲ."

ಅವಳು ಸುಣ್ಣದ ಗೀಟನ್ನು ನೋಡಿದಳು. ಹೋಗಬೇಕು ಅಂದುಕೊಂಡದ್ದು ಆ ಗಂಡಸಿಗಾಗಿಯಾ? ಕೇಳಿಕೊಂಡಳು. ಅಲ್ಲ ಅನ್ನಿಸಿತು. ಹೋಗುವ ಊರು ಯಾವುದಾದರೂ ಇರಲಿ, ಬೆಳಗಾಗೆದ್ದು ಈ ಹಲಗೆಯ ಮೇಲೆ ಕೂರಲಾರೆ, ಅಷ್ಟೇ.

"ಕೊರೀರಿ ಆಚಾರ್ರೆ."

ಹೆಬ್ಬೆರಳು ತೂರದಂಥ ಹದಿನಾರು ತೂತು. ಬೈರಿಗೆ ಸುತ್ತಿದಂತೆಲ್ಲ ಹಳೇ ತೇಗದ ಪುಡಿ ಕೆಂಪಗೆ ಸುರಿಯಿತು. ದೋಣಿಯನ್ನು ನೀರಿಗೆ ನೂಕಿದಾಗ ತಳದಿಂದ ಹದಿನಾರು ಬುಗ್ಗೆ ಎದ್ದು, ಪೆಟ್ಟಿಗೆ ಮೊಣಕಾಲುದ್ದ ತುಂಬಿ, ಅಲ್ಲಿಗೇ ನಿಂತಿತು. ನೋಡಲು ಬಂದವರ ನಗುವೂ ನಿಂತಿತು.

ರಾಚಮ್ಮ ಎಂದಿನಂತೆ ಮೂತಿಗೆ ಹತ್ತಿದಳು. ಮೂತಿ ಅಂಚಿನವರೆಗೂ ಕುಸಿಯಿತು. ಇಳಿದಳು. ಮತ್ತೆ ಮಟ್ಟಕ್ಕೆ ಬಂತು.

"ನೀನೊಬ್ನೇ ಓಗ್ಲಾ ನಂಜಯ್ಯ" ಅಂದ ಕೆಂಪಾಚಾರಿ. "ಇನ್ನು ಮುಂದ ಯಾರೂ ಬೇಕಾಗಿಲ್ಲ ನಿಂಗ."

ನಂಜಯ್ಯ ಹಿಂದೆ ಕೂತು, ಬಹಳ ಹೊತ್ತು ಹುಟ್ಟನ್ನು ಕೈಯಲ್ಲಿ ತಿರುಗಿಸುತ್ತಿದ್ದ. ನೋಡುವವರು ಕಾಯುತ್ತಿದ್ದರು. ಹೋಗದೆ ವಿಧಿಯಿರಲಿಲ್ಲ, ಹೊರಟ. ದೋಣಿ ನೂಲು ಹಿಡಿದಂತೆ ನೇರ ಹೋಯಿತು. ಜನ "ಭೇಷ್" ಅಂದು, ಗಂಜಿ ಹೊತ್ತಾಯಿತೆಂದು ಒಬ್ಬೊಬ್ಬರೇ ಊರ ಕಡೆ ತಿರುಗಿದರು. ಕೆಂಪಾಚಾರಿ ಉಳಿ, ಬೈರಿಗೆ ಚೀಲಕ್ಕೆ ತುಂಬಿಕೊಂಡು ಅವರ ಹಿಂದೆ ನಡೆದ.

ಏರಿಯ ಮೇಲೆ ಉಳಿದವಳು ರಾಚಮ್ಮ ಒಬ್ಬಳೇ. ನಂಜಯ್ಯ ಸೋರೆಬುರುಡೆಗಳ ಹತ್ತಿರ ಹೋಗಿ ತಿರುಗಬೇಕಿತ್ತು. ಹತ್ತಿರ ಹೋದ. ಒಂದು ಆಳುದ್ದ ಪಕ್ಕದಲ್ಲೇ ಬುರುಡೆ ತೇಲುತ್ತಿತ್ತು. ಅವನು ಅದನ್ನು ದಾಟಿ ಹೋದ. ಇನ್ನೂ ಹೋದ. ಆ ಮೂಲೆಯಲ್ಲಿ ಮುಳುಗಿದ ಜಾಲಿ ಮರಗಳ ಮೋಟುಗಳಿದ್ದವು; ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಹಗಲು, ನಡು ಬಿಸಿಲು. ಕುರುಡನಿಗೂ ಕಾಣುವಂತೆ ಮೋಟುಗಳು ನೀರಿನಿಂದ ಮೇಲೆದ್ದಿದ್ದವು.

ಕುರುಡನಿಗೂ. ರಾಚಮ್ಮ ಆ ಮಾತಿಗೇ ತಡೆದು ನಿಂತಳು.

"ಬುರುಡ ಎಲ್ಲದ ಅಮ್ಮಿ" ಅಂತ ದಿನಾ ಕೇಳುತ್ತಿದ್ದದ್ದು. ಕೈ ತೋರಿಸಿದರೆ ಗದರಿ, ಬಾಯಲ್ಲೇ ಹೇಳು ಅನ್ನುತ್ತಿದ್ದದ್ದು. ಉಣ್ಣುವಾಗ ತಟ್ಟೆಯ ಅಂಚು ಸವರುತ್ತಿದ್ದದ್ದು. ಮೀನು ಕೈಗೆ ಸಿಕ್ಕುವ ಹಾಗಿರಬೇಕು ಅಂದದ್ದು. ಇಷ್ಟು ದಿನ ಅವಳು ಅದನ್ನೆಲ್ಲ ದೊಡ್ಡವನ ಗತ್ತು ಅಂದುಕೊಂಡಿದ್ದಳು.

ನೀರಿನ ಮೇಲೆ ಅವನು ಹುಟ್ಟು ನಿಲ್ಲಿಸಿದ್ದ. ತಲೆಯನ್ನು ಅತ್ತ ಇತ್ತ ತಿರುಗಿಸಿ ಏನನ್ನೋ ಆಲಿಸುತ್ತಿದ್ದ. ಕೂಗಲಿಲ್ಲ. ಕೂಗಿದರೆ ಊರಿಗೆ ತಿಳಿಯುತ್ತದೆ. ಗಾಳಿ ದೋಣಿಯನ್ನು ಮೆಲ್ಲಗೆ ಮೋಟುಗಳ ಕಡೆ ತಳ್ಳುತ್ತಿತ್ತು.

ಸುಮ್ಮನೆ ನಿಂತರೆ? ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಬೆನ್ನು ತಿರುಗಿಸಿ ಊರ ಕಡೆ ನಡೆದರೆ ಕೇಳುವವರಿಲ್ಲ. ಅವಳು ಕೂಗಿದಳು.

"ಭಾವ, ಬಲಗೈ ಹಾಕಿ. ಬಲಗೈ. ಇನ್ನೊಂದು. ಈಗ ಎರಡೂ ಕಡೆ. ನೇರ ಬನ್ನಿ."

ಅವಳ ದನಿ ಹಿಡಿದು ಅವನು ಬಂದ. ದೋಣಿ ದಡಕ್ಕೆ ತಾಗಿದರೂ ಇಳಿಯಲಿಲ್ಲ.

"ಯಾವಾಗಿಂದ ಭಾವ?" ಅಂದಳು.

"ಮರಿಯಪ್ಪ ಸತ್ತ ವರ್ಸದಿಂದ. ಒಂದ್ ಕಣ್ಣು ಪೂರಾ ಇಲ್ಲ. ಇನ್ನೊಂದ್ರಲ್ಲಿ ಬರೀ ಹೊಗ." ಹುಟ್ಟನ್ನು ಒಳಗೆ ಎಳೆದಿಟ್ಟು ಹೇಳಿದ: "ಕುರುಡ್ನಿಗ ಲೈಸೆನ್ಸು ಯಾರ್ ಕೊಟ್ಟಾರು? ನೀ ಮುಂದ ಇದ್ರ ಯಾರ್ಗೂ ಗೊತ್ತಾಗ್ತಿರ್ನಿಲ್ಲ. ಅದ್ಕೇ ನಿನ್ನ ಬುಡ್ನಿಲ್ಲ ಕಣಮ್ಮಿ."

ರಾಚಮ್ಮನಿಗೆ ಮೂರು ವರ್ಷದ ಸಿಟ್ಟು ಒಟ್ಟಿಗೆ ಬಂತು. ಆದರೆ ದನಿ ಏರಲಿಲ್ಲ. "ಕಣ್ಣು ಕಾಣಕಿಲ್ಲ, ಇರವ್ವ ಅಂತ ಒಂದ್ ಮಾತು ಅಂದಿದ್ರ ನಾನೇ ಇರ್ತಿದ್ನೇನೋ. ನೀವು ಕೇಳ್ನಿಲ್ಲ. ಕಟ್ಟಾಕ್ಕಂಡ್ರಿ."

ಅವನು ತಲೆ ತಗ್ಗಿಸಿ ಪೆಟ್ಟಿಗೆಯ ಅಂಚನ್ನು ಸವರುತ್ತಾ ಕೂತ.

ಅವತ್ತೂ ಮಾರನೆಯ ದಿನವೂ ಅವಳಿಗೆ ಅದೇ ಯೋಚನೆ. ತಿಳಿಯದೆ ಇದ್ದಾಗ ಬಿಟ್ಟು ಹೋಗಬಹುದಿತ್ತು. ಮೊಂಡ ಭಾವ, ಅವನ ಹಟ, ಅವನ ದೋಣಿ ಅಂತ ಬೈದುಕೊಂಡು ಬಸ್ಸು ಹತ್ತಬಹುದಿತ್ತು. ಈಗ ಹೋದರೆ ಕಣ್ಣಿಲ್ಲದವನನ್ನು ನೀರಿನ ನಡುವೆ ಬಿಟ್ಟು ಹೋದಂತೆ. ದೋಣಿಯ ಮೂತಿಯಿಂದ ಬಿಡಿಸಿಕೊಳ್ಳಲು ಅವಳೇ ಗೇಣು ಹಾಕಿ ಅಳೆದು ಜಾಗ ಹುಡುಕಿದ್ದಳು. ಅದರಿಂದಲೇ ಇನ್ನೂ ಬಿಗಿಯಾದ ಗಂಟೊಂದು ಬಿತ್ತು. ರಾಗಿ ಬೀಸುತ್ತಿದ್ದವಳು ನಡುವೆಯೇ ಗೂಟ ಬಿಟ್ಟು ಕೈ ಚೆಲ್ಲಿ ಕೂತಳು.

ದೊಡ್ಡಮಾದಮ್ಮ ಎದುರಿಗೆ ಬಂದು ಕೂತು, ಬೀಸುಕಲ್ಲಿನ ಗೂಟ ತಾನು ಹಿಡಿದಳು. "ಕಣ್ಣಿನ್ ವಿಸ್ಯ ನಿಂಗ ಗೊತ್ತಾಯ್ತಂತ" ಅಂದಳು.

"ನಿಮಗ ಗೊತ್ತಿತ್ತಾ ಅಕ್ಕ?"

"ಹೆಂಡ್ತಿಗ ಗೊತ್ತಾಗ್ದೆ ಇರ್ತದ? ನೀ ಹೋದ್ರ ಅಲ್ಲಿ ನಾ ಕೂರ್ಬೇಕಾಯ್ತದ ಅಂತ ಹೆದ್ರಿ ಬಾಯಿ ಮುಚ್ಕಂಡಿದ್ದೆ. ತಂಗಿ ಹೋದ ಕೆರೆ ಅದು. ಪಾಪ ಮಾಡ್ಬುಟ್ಟೆ ಕಣಮ್ಮಿ." ನಾಲ್ಕು ಸುತ್ತು ಬೀಸಿದಳು. ಆಮೇಲೆ ಕೇಳಿದಳು: "ಆ ಪೆಟ್ಗ ಹಾಕ್ದಾಗಿಂದ ದೋಣಿ ಓಲಾಡಕಿಲ್ಲವಂತ, ನಿಜವಾ?"

ರಾಚಮ್ಮ ಅವಳ ಮುಖ ನೋಡಿದಳು.

ಮಾರನೇ ಬೆಳಿಗ್ಗೆ ಇಬ್ಬರೂ ಕೆರೆಗೆ ಹೋದರು. ಮೂತಿಗೆ ಕೂತರೆ ದೋಣಿ ಮುಗ್ಗರಿಸುತ್ತದೆಂದು ರಾಚಮ್ಮನಿಗೆ ಗೊತ್ತಿತ್ತು. ಮೂತಿಯ ಹಲಗೆಯನ್ನು ಕೀಳಿಸಿ ಪೆಟ್ಟಿಗೆಯ ಹಿಂಬದಿಯ ಗೋಡೆಗೆ ಆನಿಸಿ ಹಾಕಿಸಿದಳು. ದೊಡ್ಡಮಾದಮ್ಮ ಕಣ್ಣು ಮುಚ್ಚಿಕೊಂಡು ಹತ್ತಿ, ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮೊದಲ ದಿನ ದಡ ಬಿಡಲಿಲ್ಲ. ಎರಡನೆಯ ದಿನ ಒಂದು ಆಳುದ್ದ. ಮೂರನೆಯ ದಿನ ನಂಜಯ್ಯ ಹಿಂದೆ ಕೂತ, ರಾಚಮ್ಮ ಸೊಂಟಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಡೆದಳು. ನಾಲ್ಕನೆಯ ದಿನ ಅವಳ ಕುತ್ತಿಗೆಗೆ ನೀರು ಬರುವಲ್ಲಿ ದೋಣಿ ಅವಳನ್ನು ದಾಟಿ ಮುಂದೆ ಹೋಯಿತು. ದೊಡ್ಡಮಾದಮ್ಮ ಒಂದು ಸಲ "ಅಯ್ಯೋ" ಅಂದಳು. ಆಮೇಲೆ ಅವಳ ದನಿ ನೀರಿನ ಮೇಲಿಂದ ಕೇಳಿಸಿತು: "ಎಡಕ್ಕ ಬುರುಡ ಅದ. ಎಡಕ್ಕ ಅಂದ್ನಲ್ಲ, ಕಿವೀನೂ ಹೋಯ್ತಾ?"

ಇನ್ಸ್‌ಪೆಕ್ಟರು ಹೇಳಿದ ಮಂಗಳವಾರ ಬೆಳಿಗ್ಗೆ ಲಾರಿ ಏರಿಗೆ ಬಂದು ನಿಂತಿತು. ಗಂಡ ಹೆಂಡತಿ ಇಪ್ಪತ್ತೊಂದು ಗೆಂಡೆ ತಂದರು. ಇನ್ಸ್‌ಪೆಕ್ಟರು ಪೆಟ್ಟಿಗೆಗೆ ಬಗ್ಗಿ ನೋಡಿದಾಗ ಒಂದು ಮೀನು ಬಾಲ ಬಡಿದು ಅವರ ಕನ್ನಡಕಕ್ಕೆ ನೀರು ಎರಚಿತು. ಒಂದೂ ಹೊಟ್ಟೆ ಮೇಲಾಗಿರಲಿಲ್ಲ. ಪೆಟ್ಟಿಗೆಯ ಜಾಗ ಯಾರು ಗೊತ್ತು ಮಾಡಿದ್ದು ಎಂದು ಅವರು ಕೇಳಿದರು. ಕೆಂಪಾಚಾರಿ ರಾಚಮ್ಮನ ಕಡೆ ಕೈ ತೋರಿಸಿದ.

ನಂಜಯ್ಯ ಅಲ್ಲಿಂದ ಹೆಂಡತಿಯ ಭುಜ ಹಿಡಿದು ಯಜಮಾನ ಪುಟ್ಟಮಾದಯ್ಯನ ಜಗಲಿಗೆ ನಡೆದ. ಎಲ್ಲರೂ ಕೇಳುವಂತೆ ಹೇಳಿದ: "ನಮ್ ರಾಚಮ್ಮ ಇನ್ನು ಅವ್ಳಿಷ್ಟ. ಉಡಿಕೆ ಮಾಡ್ಕಂಡ್ರೂ ಸರಿ, ಅವ್ವನ್ ಮನೆಗ ಹೋದ್ರೂ ಸರಿ, ಇಲ್ಲೇ ಇದ್ರೂ ಸರಿ. ಮೂರು ವರ್ಸದ ಹಿಂದೇ ಅನ್ಬೇಕಿತ್ತು ನಾನು." ಪುಟ್ಟಮಾದಯ್ಯ ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದ. ಹೆಂಡತಿಯ ಭುಜದ ಮೇಲೆ ನಂಜಯ್ಯನ ಕೈ ಯಾಕಿದೆ ಎಂದು ಅವನೂ ಕೇಳಲಿಲ್ಲ.

ಮೀನು ಸಾಯದಂತೆ ಡ್ರಮ್ಮುಗಳ ನೀರಿನಲ್ಲಿ ದಾರಿಯುದ್ದಕ್ಕೂ ಕೈಯಾಡಿಸುತ್ತಾ ಇರಲು ಒಬ್ಬರು ಬೇಕಿತ್ತು. ರಾಚಮ್ಮ ಬಟ್ಟೆಯ ಗಂಟು ಕಟ್ಟಿಕೊಂಡು ಲಾರಿಯ ಹಿಂದೆ ಹತ್ತಿದಳು. ಹಂಗಳ ದಾಟಿತು, ಗುಂಡ್ಲುಪೇಟೆ ದಾಟಿತು. ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ಕೂತವಳಿಗೆ ಖುಷಿ ಬರುತ್ತದೆಂದು ಕಾದಳು, ಬರಲಿಲ್ಲ. ಹೆದರಿಕೆ ಬಂತು. ಯಾರೂ ಎಡಕ್ಕೆ, ಬಲಕ್ಕೆ ಅಂತ ಕೇಳದ ಬೆಳಗನ್ನು ಅವಳು ಮರೆತೇಬಿಟ್ಟಿದ್ದಳು. ತೆರಕಣಾಂಬಿ ಕಳೆದ ಮೇಲೆ ದುಃಖ ಒತ್ತರಿಸಿ ಬಂದು, ಡ್ರಮ್ಮಿನ ಮೇಲೆ ಬಗ್ಗಿ ಸ್ವಲ್ಪ ಹೊತ್ತು ಅತ್ತಳು. ಕೈ ಮಾತ್ರ ಆಡುತ್ತಲೇ ಇತ್ತು.

ಪುಣಜನೂರಿನ ತಾಯಿಯ ಮನೆಯಲ್ಲಿ ಅವಳು ಹದಿನೈದು ದಿನ ಇದ್ದಳು. ಆಮೇಲೆ ಇನ್ಸ್‌ಪೆಕ್ಟರು ಹೇಳಿಕಳಿಸಿದ್ದಕ್ಕೆ ಚಾಮರಾಜನಗರದ ಮರಿಕೊಳಗಳಲ್ಲಿ ಕೆಲಸಕ್ಕೆ ಸೇರಿದಳು. ಹತ್ತಿರದಲ್ಲೇ ಒಂದು ಸಣ್ಣ ಮನೆ ಹಿಡಿದು ಚಿಕ್ಕಮಾದಮ್ಮನನ್ನೂ ಕರೆಸಿಕೊಂಡಳು. ಉಡಿಕೆಯ ಮಾತನ್ನು ತಾಯಿ ಎತ್ತಿದಾಗಲೆಲ್ಲ "ಇರು, ಒಸಿ ಉಸ್ರು ಬುಡ್ತೀನಿ" ಅನ್ನುತ್ತಿದ್ದಳು.

ಒಂದು ಮಂಗಳವಾರ ಕಣಗಲ ಕೆರೆಯಿಂದ ಬಂದ ಲಾರಿಯ ಡ್ರೈವರು ಡ್ರಮ್ಮು ಇಳಿಸುತ್ತಾ ನಕ್ಕ. "ನಿಮ್ಮಕ್ಕ ಇವತ್ತು ಸಾಹೇಬರಿಗೇ ಬಯ್ದುಬುಟ್ರು ಕಣ್ರವ್ವ. ಮೀನ ಕಿವಿರು ಹಿಡಿದು ಎತ್ತಬ್ಯಾಡಿ, ಹೊಟ್ಟೆ ಕೆಳಗ ಕೈ ಕೊಟ್ಟು ಎತ್ತಿ ಅಂತ."

"ಸಾಹೇಬ್ರು ಏನಂದ್ರು?"

"ಏನಂತಾರೆ. ಹೊಟ್ಟೆ ಕೆಳಗ ಕೈ ಕೊಟ್ರು."

ರಾಚಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮಿಗೆ ಕೈ ಹಾಕಿ, ಮೊದಲ ಮೀನನ್ನು ಕೊಳಕ್ಕೆ ಬಿಟ್ಟಳು.